ಎರಡನೇ ಖಾನೆ

ಅವಳಿಗೆ ರೇಡಿಯೋ ಎಂಬ ಅಡ್ಡಹೆಸರು ಬೀಳಲು ಎರಡು ಕಾರಣಗಳಿದ್ದವು. ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು ಸೇರಿ ಕಟ್ಟುತ್ತಿದ್ದ ಪುಟ್ಟ ಉಪಗ್ರಹದಲ್ಲಿ ಭೂಮಿಗೆ ಸಂಕೇತ ಕಳಿಸುವ ರೇಡಿಯೋ ಅವಳ ಪಾಲಿನ ಕೆಲಸವಾಗಿತ್ತು. ಜೊತೆಗೆ, ಒಮ್ಮೆ ಬಾಯಿ ತೆರೆದಳೆಂದರೆ ಆರಿಸುವ ಗುಂಡಿ ಎಲ್ಲಿದೆ ಎಂದು ಯಾರಿಗೂ ತಿಳಿಯುತ್ತಿರಲಿಲ್ಲ. ಆ ಬಾಯಿಯ ದೆಸೆಯಿಂದಲೇ ತಂಡದವರು ಅವಳನ್ನು ಶಾಲೆ ಶಾಲೆಗೆ ಅಟ್ಟುತ್ತಿದ್ದರು. ಉಪಗ್ರಹಕ್ಕೆ ರಾಕೆಟ್ಟಿನಲ್ಲೊಂದು ಜಾಗ ಕೊಡಿ ಎಂದು ಬೇಡುವ ಅರ್ಜಿಯ ಜೊತೆ, ‘ಇವರು ಬಂದು ನಮ್ಮ ಮಕ್ಕಳಲ್ಲಿ ಸ್ಫೂರ್ತಿ ತುಂಬಿದರು’ ಎಂದು ಹತ್ತು ಶಾಲೆಗಳವರು ಬರೆದುಕೊಟ್ಟ ಪತ್ರಗಳನ್ನು ಲಗತ್ತಿಸಬೇಕಿತ್ತು. ಸ್ಫೂರ್ತಿಗೂ ಸೀಲು, ಸಹಿ ಬೇಕಾಗುವ ಕಾಲ ಬಂದಿತ್ತು, ಏನು ಮಾಡುವುದು.

ಅವಳ ಜೊತೆ ಪೆಟ್ಟಿಗೆ ಹೊತ್ತುಕೊಂಡು ಹೋಗುತ್ತಿದ್ದವನು ಬೆಸುಗೆ. ಕೂದಲಿನಷ್ಟು ತೆಳ್ಳಗಿನ ತಂತಿಯನ್ನೂ ಕೈ ನಡುಗದೆ ಬೆಸೆಯುತ್ತಿದ್ದ, ಆದರೆ ನಾಲ್ಕು ಜನರ ಮುಂದೆ ನಿಲ್ಲಿಸಿದರೆ ಬೆವರಿ ಒದ್ದೆಯಾಗುತ್ತಿದ್ದ. ಅವನ ಪೆಟ್ಟಿಗೆಯಲ್ಲಿ ಇರುತ್ತಿದ್ದದ್ದು ನಿಜವಾದ ಉಪಗ್ರಹವಲ್ಲ, ಅದೇ ಅಳತೆಯ ಖಾಲಿ ಡಬ್ಬ. ನಿಜವಾದದ್ದು ಪ್ರಯೋಗಾಲಯದ ಮೇಜಿನ ಮೇಲೆ ಆರು ವರ್ಷಗಳಿಂದ ಹೊಟ್ಟೆ ಬಿಚ್ಚಿಕೊಂಡು ಕೂತಿತ್ತು. ಅದನ್ನು ಕಟ್ಟಲು ಶುರು ಮಾಡಿದವರಿಗೆ ಈಗ ಮದುವೆಯಾಗಿ ಮಕ್ಕಳೂ ಆಗಿದ್ದವು. ‘ಇದು ಮೇಲೆ ಹೋಗೋದು ಯಾವಾಗ?’ ಎಂದು ಎಲ್ಲ ಶಾಲೆಗಳಲ್ಲೂ ಯಾವುದಾದರೂ ಮಗು ಕೇಳಿಯೇ ಕೇಳುತ್ತಿತ್ತು. ರೇಡಿಯೋ ಕಣ್ಣು ಮಿಟುಕಿಸದೆ ‘ಇನ್ನೇನು ಬೇಗ’ ಎನ್ನುತ್ತಿದ್ದಳು.

ಒಂಬತ್ತನೆಯ ಶಾಲೆಯನ್ನು ಇವರು ಹುಡುಕಿಕೊಂಡು ಹೋಗಿರಲಿಲ್ಲ, ಅಲ್ಲಿನ ಗಣಿತದ ಮಿಸ್ ತಾವೇ ಪತ್ರ ಬರೆದು ಕರೆಸಿಕೊಂಡಿದ್ದರು. ಗೇಟಿನಲ್ಲೇ ಕಾದು ನಿಂತಿದ್ದ ಆ ಹೆಂಗಸು ಇಬ್ಬರನ್ನೂ ಕಾರಿಡಾರಿನ ಮೂಲೆಗೆ ಕರೆದುಕೊಂಡು ಹೋಗಿ ದನಿ ತಗ್ಗಿಸಿದರು.

“ಮುಂದಿನ ವಾರ ಹತ್ತನೇ ಕ್ಲಾಸಿನೋರು ವಿಭಾಗ ಆರಿಸ್ಕೊಳ್ಳೋ ಫಾರ್ಮ್ ತುಂಬ್ತಾರೆ. ಇಲ್ಲಿರೋದು ನಾಲ್ಕು ವಿಭಾಗ, ವಿಜ್ಞಾನ, ವಾಣಿಜ್ಯ, ಕಲೆ, ಹೊಲಿಗೆ. ಫಾರ್ಮಲ್ಲಿ ಮೂರು ಖಾನೆ. ಮೊದಲನೇ ಖಾನೇಲಿ ವಿಜ್ಞಾನ ಅಂತ ಹದಿನೈದು ಜನ ಬರೀಲಿಲ್ಲ ಅಂದ್ರೆ ವಿಭಾಗನೇ ಮುಚ್ಚಿಬಿಡ್ತಾರೆ. ಹೋದ ವರ್ಷ ಹದಿನಾರು ಜನ ಸಿಕ್ಕಿ ಹೇಗೋ ಬಚಾವಾದ್ವಿ. ಈ ವರ್ಷ ನಾನು ಗಂಟಲು ಹರ್ಕೊಂಡ್ರೂ ಆರೇಳು ಜನ ಆದ್ರೆ ಹೆಚ್ಚು. ನೀವೇ ಏನಾದ್ರೂ ಮಾಡ್ಬೇಕು.”

“ನೀವು ನಿಶ್ಚಿಂತೆಯಾಗಿರಿ ಮಿಸ್. ಹದಿನೈದೇನು, ಮೂವತ್ತು ಮಾಡ್ತೀವಿ,” ಎಂದಳು ರೇಡಿಯೋ. ಅವಳಿಗೆ ಆ ಕ್ಷಣದಲ್ಲಿ ನಿಜವಾಗಿಯೂ ಹಾಗೆಯೇ ಅನ್ನಿಸಿತ್ತು.

ಮೊದಲು ಅಂಗಳದಲ್ಲಿ ಪ್ರಯೋಗ. ಯಾವುದೋ ದೂರದ ವಿಶ್ವವಿದ್ಯಾಲಯದವರು ಹಾರಿಸಿದ್ದ ಉಪಗ್ರಹವೊಂದು ಹನ್ನೊಂದು ನಲವತ್ತಕ್ಕೆ ಶಾಲೆಯ ನೀರಿನ ಟ್ಯಾಂಕಿನ ಹಿಂದಿನಿಂದ ಎದ್ದು ಗೇಟಿನ ಕಡೆ ಇಳಿಯಲಿತ್ತು. ಉಕ್ಕಿನ ಅಳತೆ ಟೇಪನ್ನು ತುಂಡು ಮಾಡಿ, ಪ್ಲಾಸ್ಟಿಕ್ ಪೈಪಿಗೆ ಬಿಗಿದು ಬೆಸುಗೆ ಒಂದು ಆಂಟೆನಾ ಮಾಡಿದ್ದ. ಅದನ್ನು ಹಿಡಿಯಲು ಯಾರು ಬರುತ್ತೀರಿ ಎಂದಾಗ ಹಿಂದಿನ ಸಾಲಿನವರು ಒಬ್ಬಳನ್ನು ಮುಂದಕ್ಕೆ ನೂಕಿದರು. “ಇಸ್ತ್ರಿ, ಹೋಗೇ!” ಎಂದು ಕೂಗಿದರು. ಅಪ್ಪನದು ಇಸ್ತ್ರಿ ಅಂಗಡಿಯಾದ್ದರಿಂದ ಅವಳಿಗೆ ಆ ಹೆಸರು. ಅವಳ ಸಮವಸ್ತ್ರದ ಮಡಿಕೆ ಎಷ್ಟು ಚೂಪಾಗಿತ್ತೆಂದರೆ ಮುಟ್ಟಿದರೆ ಬೆರಳು ಕೊಯ್ಯಬೇಕು.

ಟ್ಯಾಂಕಿನ ಕಡೆ ತಿರುಗಿಸಿ ಹಿಡಿದ ಆಂಟೆನಾಗೆ ಜೋಡಿಸಿದ್ದ ಸ್ಪೀಕರಿನಿಂದ ಮೊದಲು ಬರೀ ಗೊರಗೊರ ಸದ್ದು ಬಂತು. ಆಮೇಲೆ ಅದರೊಳಗಿನಿಂದ ಸಣ್ಣಗೆ ಪೀಂ, ಪೀಂ, ಪೀಂ ಎಂದು ಕೇಳಿತು. ಎಂಬತ್ತು ಮಕ್ಕಳು ಒಮ್ಮೆಗೇ ಉಸಿರು ಬಿಗಿಹಿಡಿದರು. ಹುಡುಗಿ ಯಾರೂ ಹೇಳಿಕೊಡದಿದ್ದರೂ ಸದ್ದಿನ ಜಾಡು ಹಿಡಿದು ಕೈಯನ್ನು ನಿಧಾನವಾಗಿ ಸರಿಸುತ್ತಾ, ಹತ್ತು ನಿಮಿಷ ಒಮ್ಮೆಯೂ ಕಳೆದುಕೊಳ್ಳದೆ, ಅದನ್ನು ಗೇಟಿನವರೆಗೂ ಕಳಿಸಿಕೊಟ್ಟಳು. ಸದ್ದು ಅಡಗಿದ ಮೇಲೆ ಆಂಟೆನಾ ಕೆಳಗಿಳಿಸಿ ಕೇಳಿದಳು:

“ಅಕ್ಕಾ, ಅದು ಬರೋವಾಗ ಸ್ವರ ಎತ್ತರ ಇತ್ತು. ಹೋಗ್ತಾ ಹೋಗ್ತಾ ಇಳೀತು. ಎಷ್ಟು ಇಳೀತು ಅಂತ ಅಳೆದ್ರೆ ಅದು ಎಷ್ಟು ಜೋರಾಗಿ ಹೋಗ್ತಿದೆ ಅಂತ ಗೊತ್ತಾಗಲ್ವಾ?”

ರೇಡಿಯೋ ಮತ್ತು ಬೆಸುಗೆ ಮುಖ ಮುಖ ನೋಡಿಕೊಂಡರು. ಆ ಪ್ರಶ್ನೆ ರೇಡಿಯೋಗೆ ಹೊಳೆದದ್ದು ವಿಶ್ವವಿದ್ಯಾಲಯದ ಎರಡನೆಯ ವರ್ಷದಲ್ಲಿ, ಅದೂ ಪುಸ್ತಕದಲ್ಲಿ ಉತ್ತರ ಓದಿದ ಮೇಲೆ. ಖುಷಿಗೆ ಅವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಈ ಹುಡುಗಿಯನ್ನು ಹೇಗಾದರೂ ವಿಜ್ಞಾನಕ್ಕೆ ಎಳೆದು ತರಬೇಕು ಎಂಬ ಹಟ ಅಲ್ಲೇ, ಬಿಸಿಲಿನಲ್ಲೇ ಹುಟ್ಟಿತು.

ಆ ಹುರುಪಿನಲ್ಲೇ ಸಭಾಂಗಣಕ್ಕೆ ಬಂದು ಭಾಷಣಕ್ಕೆ ನಿಂತಳು. ಪತ್ರಕ್ಕೆ ಮುಖ್ಯೋಪಾಧ್ಯಾಯಿನಿಯವರ ಸಹಿ ಹಾಕಿಸಿಕೊಂಡು ಬರುತ್ತೇನೆಂದು ಗಣಿತದ ಮಿಸ್ ಹೊರಗೆ ಹೋದರು. ಅವರು ಅಲ್ಲಿ ಇದ್ದಿದ್ದರೆ ಬಹುಶಃ ತಡೆಯುತ್ತಿದ್ದರು. ರೇಡಿಯೋ ಡಬ್ಬವನ್ನು ಅಂಗೈಮೇಲೆ ಎತ್ತಿ ಹಿಡಿದಳು.

“ನೋಡಿ, ಒಂದು ಗೇಣೂ ಇಲ್ಲ. ಇದರೊಳಗೆ ಎಷ್ಟು ರೇಡಿಯೋ ಇರತ್ತೆ ಗೊತ್ತಾ? ಒಂದೇ. ಅದು ಕೆಟ್ಟರೆ ಇನ್ನೊಂದಿಲ್ಲ. ಯಾಕೆ ಇನ್ನೊಂದು ಇಟ್ಟಿಲ್ಲ? ಮೊದಲನೇದರ ಮೇಲೆ ನಮಗೆ ನಂಬಿಕೆ! ನಿಮ್ಮ ಫಾರ್ಮಲ್ಲಿ ಮೂರು ಖಾನೆ ಇರತ್ತಂತಲ್ಲ? ಮೊದಲನೇದರಲ್ಲಿ ನಿಮ್ಮ ಕನಸು ಬರೀರಿ. ಎರಡನೇದು ಖಾಲಿ ಬಿಡಿ. ಎರಡನೇದು ಬರೆದೋರು ಮೊದಲನೇದನ್ನ ಆಗಲೇ ಅರ್ಧ ಕೈಬಿಟ್ಟ ಹಾಗೆ.”

ಮಕ್ಕಳು ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದರು. ವಿಜ್ಞಾನ ಯಾರು ಯಾರು ತಗೊಳ್ತೀರಿ ಎಂದಾಗ ಐವತ್ತಕ್ಕೂ ಹೆಚ್ಚು ಕೈಗಳು ಮೇಲೆದ್ದವು. ಕೈ ಎತ್ತುವುದಕ್ಕೆ ಯಾರ ಅಪ್ಪನ ಸಹಿಯೂ ಬೇಕಾಗಿರಲಿಲ್ಲ.

ವಾಪಸು ಬರುವಾಗ ವ್ಯಾನಿನಲ್ಲಿ ಬೆಸುಗೆ ಕಿಟಕಿಯಿಂದ ಮುಖ ತಿರುಗಿಸಿ ಬಾಯಿಬಿಟ್ಟ. “ನಮ್ಮದರಲ್ಲಿ ಎರಡನೇ ರೇಡಿಯೋ ಇಲ್ಲದೇ ಇರೋದು ಜಾಗ ಇಲ್ಲ ಅಂತ. ನಂಬಿಕೆ ಗಿಂಬಿಕೆ ಏನಿಲ್ಲ. ದೊಡ್ಡ ಉಪಗ್ರಹಗಳಲ್ಲಿ ಮುಖ್ಯವಾದದ್ದೆಲ್ಲಾ ಎರಡೆರಡು ಇಡ್ತಾರೆ.”

“ಅದನ್ನೆಲ್ಲಾ ಹೇಳ್ತಾ ಕೂತ್ರೆ ಮಕ್ಕಳು ಆಕಳಿಸ್ತಾರೆ ಕಣೋ,” ಎಂದಳು ಅವಳು. ಅವನು ಹೆಗಲು ಕುಣಿಸಿ ಮತ್ತೆ ಕಿಟಕಿಗೆ ಮುಖ ಮಾಡಿದ.

ಒಂದು ತಿಂಗಳು ಕಳೆದ ಮೇಲೆ ಗಣಿತದ ಮಿಸ್‌ ಫೋನ್ ಮಾಡಿದರು. ರೇಡಿಯೋ ಕ್ಯಾಂಟೀನಿನ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದಳು.

“ಹದಿಮೂರು,” ಎಂದರು ಮಿಸ್, ಹಲೋ ಕೂಡ ಹೇಳದೆ. “ಎರಡು ಜನ ಕಮ್ಮಿ ಬಿದ್ರು. ವಿಭಾಗ ಮುಚ್ಚಿದ್ರು.”

“ಅಯ್ಯೋ ಮಿಸ್. ಹಾಗಾದ್ರೆ ಆ ಹದಿಮೂರು ಜನ?”

“ಹನ್ನೆರಡು ಜನ ಎರಡನೇ ಖಾನೇಲಿ ವಾಣಿಜ್ಯ ಬರ್ದಿದ್ರು. ಅಲ್ಲಿಗೆ ಹೋದ್ರು. ಒಬ್ಬಳು ಮಾತ್ರ ಎರಡನೇದು, ಮೂರನೇದು ಎರಡೂ ಖಾಲಿ ಬಿಟ್ಟಿದ್ದಾಳೆ. ಹಾಗೆ ಉಳಿದೋರನ್ನ ಹೊಲಿಗೆಗೆ ಹಾಕ್ತಾರೆ. ನಾನೇ ಎರಡು ಸಲ ಕರೆದು ಬೈದು ಹೇಳ್ದೆ, ತುಂಬೇ ಅಂತ. ‘ಅಕ್ಕ ಬೇಡ ಅಂದಿದ್ದಾರೆ ಮಿಸ್’ ಅಂದ್ಲು. ಯಾವ ಅಕ್ಕನೇ ಅಂತ ಕೇಳಿದ್ರೆ ನೀವು.”

ಆ ಒಬ್ಬಳು ಯಾರೆಂದು ರೇಡಿಯೋ ಕೇಳಬೇಕಾಗಿರಲಿಲ್ಲ, ಅದು ಇಸ್ತ್ರಿಯೇ. ಹಿಂದಿನವರು ಮುಂದೆ ಹೋಗಮ್ಮ ಎಂದರೂ ಅವಳು ಸಾಲಿನಿಂದ ಪಕ್ಕಕ್ಕೆ ಸರಿದು ಗೋಡೆಗೆ ಒರಗಿ ನಿಂತಳು.

“ಹೊಲಿಗೆಯಲ್ಲಿ ಗಣಿತ ಇಲ್ಲ,” ಎಂದರು ಮಿಸ್. “ವಾಣಿಜ್ಯದಲ್ಲಾದ್ರೆ ಇರ್ತಿತ್ತು. ಎರಡು ವರ್ಷ ಗಣಿತ ಓದದೇ ಇದ್ದೋರನ್ನ ನಿಮ್ಮ ವಿಶ್ವವಿದ್ಯಾಲಯದವರು ಬಾಗಿಲಲ್ಲೂ ನಿಲ್ಲಿಸ್ಕೊಳ್ಳಲ್ಲ. ನನ್ನ ಇಷ್ಟು ವರ್ಷದ ಸರ್ವೀಸಲ್ಲಿ ಅಂಥ ತಲೆ ನೋಡಿರ್ಲಿಲ್ಲಮ್ಮ ನಾನು.” ಆಮೇಲೆ ಫೋನು ಕಟ್ಟಾಯಿತು.

ಮರುದಿನ ಬೆಳಿಗ್ಗೆ ರೇಡಿಯೋ ಒಬ್ಬಳೇ ಶಾಲೆಗೆ ಹೋದಳು. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದಳು. ತಪ್ಪು ನನ್ನದು, ಮಗುವಿನದಲ್ಲ ಎಂದು ಲಿಖಿತವಾಗಿ ಬರೆದುಕೊಡುವುದು, ಬೇಕಾದರೆ ನಮಗೆ ಕೊಟ್ಟ ಪತ್ರವನ್ನೂ ಹಿಂದಕ್ಕೆ ಕೊಡುವುದು. ಮುಖ್ಯೋಪಾಧ್ಯಾಯಿನಿ ಕೆಟ್ಟ ಹೆಂಗಸಾಗಿದ್ದರೆ ಸಿಟ್ಟು ಮಾಡಲಾದರೂ ದಾರಿಯಿತ್ತು. ಅವರು ಕುರ್ಚಿ ತೋರಿಸಿ, ನೀರು ತರಿಸಿ, ಪೂರ್ತಿ ಕೇಳಿಸಿಕೊಂಡರು.

“ವಾಣಿಜ್ಯದ ಕೊಠಡಿಗೆ ನಲವತ್ತೆಂಟು ಜನರ ಮಿತಿ. ನಲವತ್ತೆಂಟೂ ಭರ್ತಿ.”

“ಒಬ್ಬಳು ಮೇಡಂ. ಬೆಂಚಿನ ತುದೀಲಿ ಕೂತ್ಕೋತಾಳೆ.”

“ಕೂರಿಸಬಹುದು. ಆದ್ರೆ ನಲವತ್ತೊಂಬತ್ತನೇ ಹೆಸರು ಪರೀಕ್ಷೆ ಪಟ್ಟಿಗೆ ಏರಲ್ಲ. ಎರಡು ವರ್ಷ ಓದಿಸಿ, ಕೊನೇಲಿ ಪರೀಕ್ಷೆ ಇಲ್ಲಮ್ಮ ಮನೆಗೆ ಹೋಗು ಅಂತ ಹೇಳ್ಬೇಕಾಗತ್ತೆ. ಬೇಡ ಅಂದ್ರೆ ಇರೋರಲ್ಲೇ ಒಬ್ಬರನ್ನ ಎಬ್ಬಿಸ್ಬೇಕು. ಪಟ್ಟಿ ಕೊಡ್ತೀನಿ. ಯಾರನ್ನ ಎಬ್ಬಿಸ್ಲಿ, ನೀವೇ ಹೇಳಿ.”

ರೇಡಿಯೋ ಪಟ್ಟಿಗೆ ಕೈ ಚಾಚಲಿಲ್ಲ. “ಮುಂದಿನ ವರ್ಷ ಮತ್ತೆ ಅರ್ಜಿ ಹಾಕಿದ್ರೆ?”

“ಒಂದು ವರ್ಷ ಮನೇಲಿ ಕೂತ ಹುಡುಗೀನ ತಿರುಗಿ ಶಾಲೆಗೆ ಕಳಿಸಿದ ಮನೇನ ನಾನಿನ್ನೂ ನೋಡಿಲ್ಲ.”

“ನಮ್ಮ ಪತ್ರ ವಾಪಸ್ ಕೊಡ್ತೀನಿ ಮೇಡಂ,” ಎಂದಳು ರೇಡಿಯೋ.

“ಇಟ್ಕೊಳ್ಳಿ. ಸ್ಫೂರ್ತಿ ತುಂಬಿದ್ರಿ ಅಂತ ಬರ್ದಿದೀನಿ. ಅದೇನು ಸುಳ್ಳಲ್ಲವಲ್ಲ.”

ಇದು ಚುಚ್ಚುಮಾತೇ ಎಂದು ಅವರ ಮುಖ ನೋಡಿದಳು. ಅವರು ಕನ್ನಡಕ ಹಾಕಿಕೊಂಡು ಮುಂದಿನ ಫೈಲು ಬಿಚ್ಚುತ್ತಿದ್ದರು. ಗಣಿತದ ಮಿಸ್ ಆ ದಿನ ಸಿಗಲಿಲ್ಲ. ವಿಭಾಗ ಮುಚ್ಚಿದ ಮೇಲೆ ಹೆಚ್ಚುವರಿಯಾದ ಶಿಕ್ಷಕಿಯನ್ನು ಎಲ್ಲಿಗೆ ಕಳಿಸುತ್ತಾರೆಂದು ವಿಚಾರಿಸಲು ಅವರು ಕಚೇರಿಗೆ ಹೋಗಿದ್ದಾರೆಂದು ಜವಾನ ಹೇಳಿದ.

ಇನ್ನುಳಿದದ್ದು ಒಂದೇ ದಾರಿ. ಊರಿನ ಆ ತುದಿಯಲ್ಲಿ ಇನ್ನೊಂದು ಶಾಲೆಯಿತ್ತು, ಅಲ್ಲಿ ವಿಜ್ಞಾನವೂ ಇತ್ತು, ಸೀಟೂ ಇತ್ತು. ರೇಡಿಯೋ ಆ ಶಾಲೆಗೆ ಫೋನ್ ಮಾಡಿ ಖಚಿತ ಮಾಡಿಕೊಂಡು, ಸಂಜೆ ಐದಕ್ಕೆ ಇಸ್ತ್ರಿ ಅಂಗಡಿ ಹುಡುಕಿಕೊಂಡು ಹೋದಳು. ಎರಡು ಕಟ್ಟಡಗಳ ನಡುವಿನ ಸಂದಿಗೆ ತಗಡು ಹೊದಿಸಿದರೆ ಎಷ್ಟಾಗುತ್ತದೋ ಅಷ್ಟೇ ಅಂಗಡಿ. ಅಪ್ಪ ಮೇಜಿನ ಹಿಂದೆ ನಿಂತು ಅಂಗಿಯ ಕಾಲರು ಒತ್ತುತ್ತಿದ್ದ. ಒಂಬತ್ತನೇ ಕ್ಲಾಸಿನ ಕಿರಿಯ ಮಗಳು ಬಟ್ಟೆಗೆ ನೀರು ಚಿಮುಕಿಸುತ್ತಿದ್ದಳು. ಹಿರಿಯವಳು ಮನೆ ಮನೆಯದನ್ನು ಬೇರೆ ಬೇರೆ ಗಂಟು ಕಟ್ಟುತ್ತಿದ್ದಳು.

“ಅಪ್ಪಾ, ಇವರೇ ಆ ಅಕ್ಕ!” ಎಂದಳು, ಮುಖ ಅರಳಿಸಿ.

ಬೈಗುಳಕ್ಕೆ ಸಿದ್ಧವಾಗಿ ಬಂದಿದ್ದವಳಿಗೆ ಅಪ್ಪ ಸ್ಟೂಲು ಒರೆಸಿ ಕೊಟ್ಟ. ಅವಳು ಆ ಶಾಲೆಯ ವಿಷಯ ಹೇಳಿ ಮುಗಿಸುವವರೆಗೂ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಗೌರವದಿಂದ ಕೇಳಿದ.

“ಎರಡು ಬಸ್ಸು ಬದಲಾಯಿಸ್ಬೇಕಮ್ಮ. ಮನೆ ಸೇರೋದು ಸಂಜೆ ಏಳಾಗತ್ತೆ. ಬಟ್ಟೆ ಮುಟ್ಟಿಸೋದು ಯಾರು? ನನಗೆ ನಿಂತೂ ನಿಂತೂ ಸೊಂಟ ಹೋಗಿದೆ, ಮೆಟ್ಲು ಹತ್ತೋಕಾಗಲ್ಲ. ಅವರಮ್ಮ ಆಸ್ಪತ್ರೇಲಿ ನೆಲ ಒರೆಸಿ ಬರೋದೇ ಎಂಟಕ್ಕೆ. ಚಿಕ್ಕವಳಿಗೆ ಇಷ್ಟು ಗಂಟು ಎತ್ತೋಕಾಗಲ್ಲ.”

“ಅವಳು ತುಂಬಾ ಬುದ್ಧಿವಂತೆ, ಯಜಮಾನರೇ.”

“ನಂಗೊತ್ತಿಲ್ವಾ ತಾಯಿ?” ಎಂದು ನಕ್ಕ. “ಆದ್ರೂ ಹೊಲಿಗೆ ಒಳ್ಳೇದೇ ಆಯ್ತು ಬಿಡಿ. ನಾನೂ ಮೊದಲು ಬೇಜಾರು ಮಾಡ್ಕೊಂಡೆ. ಆಮೇಲೆ ಯೋಚನೆ ಮಾಡ್ದೆ. ಇಗೋ, ಈ ಗೋಡೆ ಪಕ್ಕ ಒಂದು ಮಿಷಿನ್ ಕೂರತ್ತೆ. ಅಳತೆ ನೋಡಿದೀನಿ. ಗುಂಡಿ ಕಿತ್ತುಹೋಗಿ ಬರೋ ಅಂಗಿ ಎಷ್ಟಿರತ್ತೆ! ಇಲ್ಲೇ ಹೊಲಿದು, ಇಲ್ಲೇ ಇಸ್ತ್ರಿ ಮಾಡಿ ಕೊಡಬಹುದು. ಮಗಳು ಕಣ್ಣೆದುರೇ ಇರ್ತಾಳೆ.”

ಗೋಡೆ ಪಕ್ಕದ ನೆಲದ ಮೇಲೆ ಸೀಮೆಸುಣ್ಣದಲ್ಲಿ ಒಂದು ಚೌಕ ಬರೆದಿತ್ತು. ರೇಡಿಯೋ ಅದನ್ನು ನೋಡಿದಳು. ಎರಡು ವರ್ಷವಲ್ಲ, ಇಡೀ ಆಯುಷ್ಯವೇ ಅಲ್ಲಿ ಅಳತೆಯಾಗಿ ಕೂತಿದೆ ಎನ್ನಿಸಿತು. ಜಗಳ ಆಡೋಣವೆಂದರೆ ಎದುರಿಗಿದ್ದವನು ಸಂತೋಷದಿಂದ ನಿಂತಿದ್ದ.

ಹುಡುಗಿ ಗಂಟುಗಳನ್ನು ಎತ್ತಿಕೊಂಡಾಗ ರೇಡಿಯೋ ಅರ್ಧ ಕಸಿದುಕೊಂಡಳು. ಇಬ್ಬರೂ ಬೀದಿಗಿಳಿದರು. ಬಟ್ಟೆಯ ಬಿಸಿ ಇನ್ನೂ ಆರಿರಲಿಲ್ಲ, ತೋಳಿಗೆ ತಾಗುತ್ತಿತ್ತು.

“ಅಕ್ಕಾ, ಅವತ್ತು ಸ್ವರದಿಂದ ವೇಗ ತೆಗೆಯೋದು ಕೇಳಿದ್ನಲ್ಲ. ಹೇಳಿಕೊಡೋಕೆ ನಿಮಗೆ ಹೊತ್ತೇ ಸಿಗ್ಲಿಲ್ಲ.”

ರೇಡಿಯೋ ನಡೆಯುತ್ತಲೇ ಹೇಳಿದಳು. ಸಂಕೇತದ ಆವರ್ತನ ಎಷ್ಟು ಬದಲಾಯಿತೋ ಅದನ್ನು ಮೂಲ ಆವರ್ತನದಿಂದ ಭಾಗಿಸಿ, ಬೆಳಕಿನ ವೇಗದಿಂದ ಗುಣಿಸಿದರೆ ಉತ್ತರ. ಹುಡುಗಿ ಒಂದು ಮನೆಯ ಮೆಟ್ಟಿಲು ಹತ್ತಿ ಗಂಟು ಕೊಟ್ಟು ಇಳಿದು ಬಂದಳು. ಅಷ್ಟರಲ್ಲಿ ಅವಳ ಹುಬ್ಬು ಗಂಟಿಕ್ಕಿತ್ತು.

“ಆದ್ರೆ ಅದು ನೆಟ್ಟಗೆ ನಮ್ಮ ಕಡೆಗೇ ಬರ್ತಿರ್ಲಿಲ್ಲ, ಓರೆಯಾಗಿ ಬಂತು. ಹಾಗಿದ್ರೆ ಸಿಗೋದು ಪೂರ್ತಿ ವೇಗ ಅಲ್ಲ. ನಮ್ಮ ಕಡೆಗೆ ಎಷ್ಟು ಬಂತೋ ಅಷ್ಟು ಮಾತ್ರ. ಅಲ್ವಾ?”

“ಹೌದು. ಅಷ್ಟು ಮಾತ್ರ,” ಎಂದಳು ರೇಡಿಯೋ. ಅವಳ ತರಗತಿಯಲ್ಲಿ ಇದು ಗೊತ್ತಾಗದೆ ಇಬ್ಬರು ಪರೀಕ್ಷೆಯಲ್ಲಿ ಡುಮ್ಕಿ ಹೊಡೆದಿದ್ದರು. ಗಂಟನ್ನು ಎದೆಗೆ ಒತ್ತಿಕೊಂಡು ನಡೆದಳು.

ಮೂರನೆಯ ಮನೆ ದಾಟಿದ ಮೇಲೆ ಹುಡುಗಿ ಕೇಳಿದಳು: “ಅಕ್ಕಾ, ನೀವೂ ನಿಮ್ಮ ಫಾರ್ಮಲ್ಲಿ ಖಾಲಿ ಬಿಟ್ಟಿದ್ರಿ ಅಲ್ವಾ?”

ವಿಶ್ವವಿದ್ಯಾಲಯದ ಅರ್ಜಿಯಲ್ಲಿ ಐದು ಖಾನೆಗಳಿದ್ದವು. ಅಮ್ಮ ಪಕ್ಕದಲ್ಲಿ ಕೂತು ಬರೆಸಿದ್ದಳು, ಒಂದೂ ಖಾಲಿ ಬಿಡಬೇಡ, ಹಣೆಬರಹ ಯಾವುದರಲ್ಲಿ ಇರುತ್ತದೋ ಎಂದು. ರೇಡಿಯೋ ಐದನ್ನೂ ದುಂಡಗೆ ತುಂಬಿದ್ದಳು. ಎಲೆಕ್ಟ್ರಾನಿಕ್ಸ್ ಇದ್ದದ್ದು ನಾಲ್ಕನೆಯದರಲ್ಲಿ. ಅದು ಸಿಕ್ಕ ದಿನ ಬಾಗಿಲು ಹಾಕಿಕೊಂಡು ಅತ್ತಿದ್ದಳು. ಸಭಾಂಗಣದಲ್ಲಿ ಡಬ್ಬ ಎತ್ತಿ ಹಿಡಿದಾಗ ಇದಾವುದೂ ಅವಳಿಗೆ ನೆನಪಾಗಿರಲಿಲ್ಲ. ಅಥವಾ ನೆನಪಾಗಿ, ಚಪ್ಪಾಳೆಯ ಆಸೆಗೆ ಅದನ್ನು ಒಳಗೇ ತಳ್ಳಿರಬಹುದು. ಈಗ ಹುಡುಗಿಯ ಮುಖ ನೋಡಿ ಅವಳಿಗೆ ಬೇರೆ ಉತ್ತರ ಹೇಳುವ ಧೈರ್ಯ ಬರಲಿಲ್ಲ.

“ಹೂಂ. ಬಿಟ್ಟಿದ್ದೆ.”

“ನಂಗೊತ್ತಿತ್ತು!” ಹುಡುಗಿಯ ನಡಿಗೆಯೇ ಹಗುರಾಯಿತು. “ಕ್ಲಾಸಲ್ಲಿ ಎಲ್ಲಾ ನಕ್ರು, ಪೆದ್ದಿ ಅಂದ್ರು. ಅಕ್ಕನೂ ಹೀಗೇ ಮಾಡಿದ್ದು, ಅವರಿಗೆ ಸಿಕ್ತು, ನಂಗೆ ಎರಡು ಜನರಲ್ಲಿ ತಪ್ಪಿಹೋಯ್ತು, ಅಷ್ಟೇ ಅಂದೆ. ನಾನಂತೂ ಅರ್ಧ ಕೈಬಿಡ್ಲಿಲ್ಲವಲ್ಲ. ಅದನ್ನ ನೆನೆಸ್ಕೊಂಡ್ರೆ ಬೇಜಾರೇ ಆಗಲ್ಲ ಅಕ್ಕಾ.”

ಇಷ್ಟಾದರೂ ಉಳಿಯಲಿ ಇವಳಿಗೆ ಎಂದುಕೊಂಡಳು ರೇಡಿಯೋ.

“ಮುಂದಿನ ವರ್ಷ ನನ್ನ ತಂಗಿದು. ಅವಳಿಗೆ ವಾಣಿಜ್ಯ ಬೇಕಂತೆ. ಈಗಲೇ ಹೇಳಿಟ್ಟಿದೀನಿ, ಒಂದೇ ಬರಿ, ಮಿಕ್ಕಿದ್ದು ಖಾಲಿ ಬಿಡು, ಯಾರು ಬೈದ್ರೂ ಹೆದರ್ಬೇಡ ಅಂತ. ನಾನು ಹೇಳಿದ್ರೆ ಅವಳು ಕೇಳ್ತಾಳೆ.”

ರೇಡಿಯೋ ಅಲ್ಲೇ ನಿಂತುಬಿಟ್ಟಳು. ಹುಡುಗಿ ನಾಲ್ಕು ಹೆಜ್ಜೆ ಮುಂದೆ ಹೋಗಿ ತಿರುಗಿ ನೋಡಿದಳು.

“ಬೇಡ. ತಂಗಿಗೆ ಎಲ್ಲಾ ಖಾನೆ ತುಂಬೋಕೆ ಹೇಳು.”

“ಯಾಕಕ್ಕಾ?”

“ನಾನು ತುಂಬಿದ್ದೆ.”

“ಎರಡನೇದಾ?”

“ಐದು ಖಾನೆ ಇತ್ತು. ಐದೂ.”

ಬೀದಿಯಲ್ಲಿ ಸೈಕಲ್ಲೊಂದು ಗಂಟೆ ಬಾರಿಸಿಕೊಂಡು ಅವರ ನಡುವೆ ಹಾದುಹೋಯಿತು. ಹುಡುಗಿ ಅದು ಹೋಗುವವರೆಗೂ ಕಾದಳು.

“ಮೊದಲನೇದು ಏನು ಬರ್ದಿದ್ರಿ?”

“ಡಾಕ್ಟರು.”

“ಈಗ ಓದ್ತಿರೋದು ಎಷ್ಟನೇದು?”

“ನಾಲ್ಕನೇದು.”

ಹುಡುಗಿ ಅಳಲಿಲ್ಲ, ಬೈಯಲೂ ಇಲ್ಲ. ಹತ್ತಿರ ಬಂದು ರೇಡಿಯೋ ತೋಳಿನಲ್ಲಿದ್ದ ಗಂಟುಗಳನ್ನು ಒಂದೊಂದಾಗಿ, ಮಡಿಕೆ ಕೆಡದ ಹಾಗೆ, ತನ್ನ ತೋಳಿಗೆ ತೆಗೆದುಕೊಂಡಳು.

“ತಂಗಿಗೆ ಹೇಳ್ತೀನಿ,” ಎಂದಳು. ಆಮೇಲೆ ಗದ್ದದಿಂದ ಬೀದಿಯ ಆ ತುದಿ ತೋರಿಸಿದಳು. “ನಿಮ್ಮ ಬಸ್ ಸ್ಟಾಪ್ ಆ ಕಡೆ, ಮೇಡಂ.”